ಪಾಳೆಯಗಾರನ ಪಾತ್ರ

ದೊಡ್ಡಗಾಜನೂರಿನ ಪುಟ್ಟಬಸಪ್ಪ ಹೊಟ್ಟೆಪಾಡಿಗೆ ಅರಿಸಿನದ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಉಳಿದ ಹೊತ್ತಿನಲ್ಲಿ ನಾಟಕ ಬರೆಯುತ್ತಿದ್ದ. ತಮಿಳುನಾಡಿಗೆ ಸೇರಿದ ತಾಳವಾಡಿ ಸುತ್ತಿನ ಕನ್ನಡದ ಊರುಗಳಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವನು ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ತಾನೇ ಬರೆದದ್ದನ್ನು ತಾನೇ ಕಲಿಸಿ, ಅದರಲ್ಲಿ ಎಲ್ಲರಿಗಿಂತ ಕೆಟ್ಟವನ ಪಾತ್ರವನ್ನು ತಾನೇ ಮಾಡುತ್ತಿದ್ದ.

ಬೇರೆ ತಂಡಗಳವರು ಎದೆಯುಬ್ಬಿಸಿ, ಕಂಠ ಬಿರಿಯುವಂತೆ ಮಾತು ಒಪ್ಪಿಸುತ್ತಿದ್ದ ಕಡೆ ಇವನು ಮೆಲ್ಲಗೆ ಮಾತಾಡುತ್ತಿದ್ದ. "ಟೀ ಅಂಗಡೀಲಿ ಮಾತಾಡ್ದಂಗ ಮಾತಾಡ್ಲಾ. ಕಿರುಚುದ್ರ ಯಾರ್ಗೂ ದಿಗ್ಲಾಗಕಿಲ್ಲ" ಎಂದು ಹುಡುಗರಿಗೆ ಹೇಳುತ್ತಿದ್ದ. ಅವನು ಪಾಳೆಯಗಾರನಾಗಿ ರಂಗದ ಮೇಲೆ ಬಂದು, ಸಣ್ಣ ದನಿಯಲ್ಲಿ ಒಬ್ಬ ರೈತನ ಕುಶಲ ವಿಚಾರಿಸಿದರೆ ಮುಂದೆ ಕೂತ ಮಕ್ಕಳು ತಾಯಂದಿರ ಸೆರಗು ಹಿಡಿಯುತ್ತಿದ್ದವು. ಆದರೆ ಅವನ ಸಿಟ್ಟು ಮಾತ್ರ ಮೆಲ್ಲಗಿನದಲ್ಲ. ತಾಲೀಮಿನಲ್ಲಿ ಮಾತು ತಪ್ಪಿದವನ ಮೇಲೆ ಚೆಂಬು ಎಸೆದದ್ದುಂಟು, ಕುರ್ಚಿ ಎಸೆದದ್ದೂ ಉಂಟು. ಮರುದಿನ ತಾನೇ ಹೋಗಿ ಅವನ ಮನೆ ಜಗಲಿಯ ಮೇಲೆ ಕೂರುತ್ತಿದ್ದ. ಜನ ಅದನ್ನು ಕಲಾವಿದನ ಸ್ವಭಾವ ಎಂದು ಸಹಿಸಿಕೊಂಡಿದ್ದರು. ಹಾಗೆ ಸಹಿಸಿಕೊಂಡದ್ದೇ ತಪ್ಪಾಯಿತೇನೋ.

ನಾಗೇಶ ಆ ತಂಡಕ್ಕೆ ತಡವಾಗಿ ಬಂದವನು. ಹಾಸನೂರಿನ ಮೇಲಿನ ಕಾಡಿನ ಹಾಡಿಯವನು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಹಬ್ಬದಿರಲೆಂದು ಮಚ್ಚಿನಿಂದ ಪೊದೆ ಸವರಿ ಬೆಂಕಿ ಪಟ್ಟಿ ಮಾಡುವ ಕೂಲಿಗೆ ಹೋಗುತ್ತಿದ್ದ. ಮೇಷ್ಟ್ರ ಮೆಲುಮಾತನ್ನು ಅವನಷ್ಟು ಚೆನ್ನಾಗಿ ಹಿಡಿದವರು ಬೇರೆ ಯಾರೂ ಇರಲಿಲ್ಲ. ಪಾಳೆಯಗಾರನಿಗೆ ತಿರುಗಿಬೀಳುವ ದಳವಾಯಿಯ ಪಾತ್ರ ಅವನದು. ತಾಳವಾಡಿಯಲ್ಲಿ ಆಡಿದಾಗ ಜನ ಅವನ ಪ್ರವೇಶಕ್ಕೆ ಶಿಳ್ಳೆ ಹಾಕಿದರು. ಪಾಳೆಯಗಾರ ಬಂದಾಗ ಒಂದಿಬ್ಬರು ಎದ್ದು ಬೀಡಿ ಸೇದಲು ಹೊರಗೆ ಹೋದರು. ಪುಟ್ಟಬಸಪ್ಪ ಅದನ್ನು ಯಾರ ಹತ್ತಿರವೂ ಆಡಲಿಲ್ಲ, ಮರೆಯಲೂ ಇಲ್ಲ.

ಹಾಸನೂರಿನ ನಾಟಕ ಮಧ್ಯಾಹ್ನಕ್ಕೆ ನಿಗದಿಯಾಗಿತ್ತು. ಕತ್ತಲಾದ ಮೇಲೆ ಆನೆಗಳ ಕಾಟ. ನೋಡುವವರು ಬೆಳಕಿರುವಾಗಲೇ ಮನೆ ಸೇರಬೇಕು. ಸಮುದಾಯ ಭವನದ ಹಿಂದಿನ ಕೋಣೆಯಲ್ಲಿ ಎಲ್ಲರೂ ಬಣ್ಣ ಹಚ್ಚಿಕೊಳ್ಳುತ್ತಿದ್ದರು. ರಾಣಿಯ ಪಾತ್ರ ಮಾಡುವ ಮಹಾದೇವಿ ನಿಜಕ್ಕೂ ಶಾಲೆಯ ಟೀಚರು. ಮಂತ್ರಿಯಾಗುವ ಸೆಲ್ವರಾಜ್ ಪಿಕಪ್ ಗಾಡಿ ಓಡಿಸುವವನು, ತಂಡದ ಸಾಮಾನನ್ನೆಲ್ಲ ಹೇರಿ ತಂದವನೂ ಅವನೇ. ನಾಗೇಶನ ಹೆಂಡತಿ ಪ್ರಮೀಳಾ ಹೊರಗೆ ಹೆಂಗಸರ ಸಾಲಿನಲ್ಲಿ ಕೂತಿದ್ದಳು.

ಪುಟ್ಟಬಸಪ್ಪ ಮೀಸೆ ತಿದ್ದಿ, ಕೈಯಲ್ಲಿ ಪಾಳೆಯಗಾರನ ಬೆತ್ತ ಹಿಡಿದು, ತನ್ನ ಟ್ರಂಕಿನ ಕಡೆ ತಿರುಗಿದ. ವಿಗ್ಗು ಇರಲಿಲ್ಲ. ಅವನ ಹೆಂಡತಿ ಶಿವಮಲ್ಲಮ್ಮ ಬಾಚಣಿಗೆಗೆ ಬಂದ ತನ್ನ ಕೂದಲನ್ನು ಕೂಡಿಟ್ಟು, ಸಾಯುವುದಕ್ಕೆ ಮುಂಚೆ ಹೊಲಿದು ಕೊಟ್ಟಿದ್ದ ವಿಗ್ಗು ಅದು. ಅದು ನಾಗೇಶನ ತಲೆಯ ಮೇಲಿತ್ತು.

"ತಗಿ ಅದ್ನ" ಎಂದ.

"ನನ್ದ ಇಲಿ ಕಡ್ದಾಕ್ಬುಟ್ಟದ ಮೇಷ್ಟ್ರೇ. ಮೊದುಲ್ನೇ ಸೀನ್ಲಿ ನೀವು ಬರಕಿಲ್ವಲ್ಲ. ಮುಗ್ಸಿ ತಂದ್ಕೊಡ್ತೀನಿ."

"ತಗೀಲಾ ಅಂದೆ."

ನಾಗೇಶ ಕನ್ನಡಿಯಲ್ಲಿ ನೋಡಿಕೊಳ್ಳುತ್ತಲೇ ನಕ್ಕ. ಅವನಿಗೆ ಅದು ತಮಾಷೆ. "ನೀವು ಬೋಳ್ತಲೇಲಿ ಬಂದ್ರೂ ಒಂದೇಯ, ಕಿರೀಟ ಆಕಂಡು ಬಂದ್ರೂ ಒಂದೇಯ ಮೇಷ್ಟ್ರೇ. ನೋಡೋರು ನನ್ನ ತಾನೆ ನೋಡೋದು?"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಸೆಲ್ವರಾಜ್ ನಕ್ಕ, ಮಹಾದೇವಿಯೂ ನಕ್ಕಳು. ಪುಟ್ಟಬಸಪ್ಪನ ಕೈ ಮುಂದಕ್ಕೆ ಹೋಯಿತು. ವಿಗ್ಗನ್ನು ಬೆತ್ತದಿಂದ ಎತ್ತಿ ಎಸೆಯಬೇಕೆಂದಿದ್ದನೋ, ಹೊಡೆಯಬೇಕೆಂದಿದ್ದನೋ ಅವನಿಗೇ ಗೊತ್ತಿರಲಿಲ್ಲ. ಅದೇ ಗಳಿಗೆಯಲ್ಲಿ ನಾಗೇಶ ಅವನ ಕಡೆ ತಿರುಗಿದ.

ಬೆತ್ತದ ತುದಿ ಎಡಗಣ್ಣಿಗೆ ಹೊಕ್ಕಿತು.

ನಾಗೇಶ ಕೂಗಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಮೆಲ್ಲಗೆ ನೆಲಕ್ಕೆ ಕೂತ. ಬೆರಳ ಸಂದಿನಿಂದ ರಕ್ತ ಇಳಿದು ಬಣ್ಣದ ತಟ್ಟೆಗೆ ತೊಟ್ಟಿಕ್ಕತೊಡಗಿತು. ಹೊರಗೆ ಹಾರ್ಮೋನಿಯಂ ಶುರುವಾಗಿತ್ತು.

ಹಾಸನೂರಿನ ನರ್ಸಮ್ಮ ಕಣ್ಣನ್ನು ನೋಡಿದವಳೇ ಮುಟ್ಟಲಿಲ್ಲ. ಟೀ ಕುಡಿಯುವ ಕಾಗದದ ಲೋಟವೊಂದನ್ನು ಕಣ್ಣಿನ ಮೇಲೆ ಬೋರಲು ಹಾಕಿ, ಅಂಚಿಗೆ ಪ್ಲಾಸ್ಟರ್ ಅಂಟಿಸಿದಳು. "ಒತ್ತುದ್ರ ಒಳಗಿರೋದೆಲ್ಲ ಆಚ್ಗ ಬಂದ್ಬುಡ್ತದ. ಒತ್ಬ್ಯಾಡಿ, ತಲೆ ಬಗ್ಗುಸ್ಬ್ಯಾಡಿ. ಕೊಯಮತ್ತೂರ್ಗ ಕರ್ಕಂಡೋಗಿ, ಈಗ್ಲೇಯ" ಎಂದಳು. ಆಂಬುಲೆನ್ಸ್ ಬೇರೊಬ್ಬರನ್ನು ಕರೆದುಕೊಂಡು ಸತ್ಯಮಂಗಲಕ್ಕೆ ಇಳಿದಿತ್ತು. ಸೆಲ್ವರಾಜ್ ಗಾಡಿ ತಂದ. ಮುಂದೆ ನಾಗೇಶ, ಅವನ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದ ಪ್ರಮೀಳಾ. ಹಿಂದೆ, ಸಾಮಾನು ಹೇರುವ ಜಾಗದಲ್ಲಿ ಮಹಾದೇವಿ. ಪುಟ್ಟಬಸಪ್ಪ ಯಾರೂ ಕರೆಯದೆಯೇ ಹತ್ತಿದ. ಇಳಿಯೆಂದು ಹೇಳಲು ಯಾರಿಗೂ ಹೊತ್ತಿರಲಿಲ್ಲ.

ಊರು ದಾಟಿ ಸ್ವಲ್ಪ ದೂರಕ್ಕೇ ಗಾಡಿ ನಿಂತಿತು. ರಸ್ತೆಗೆ ಅಡ್ಡಲಾಗಿ ಆನೆಗಳು. ಒಂದು ದೊಡ್ಡ ಹೆಣ್ಣಾನೆ ಕಬ್ಬಿನ ಲಾರಿಯಿಂದ ಬಿದ್ದ ಜಲ್ಲೆಗಳನ್ನು ಸೊಂಡಿಲಿನಿಂದ ಬಾಚುತ್ತಿತ್ತು.

"ಆರನ್ ಒಡಿಯಣ್ಣ!" ಎಂದು ಪ್ರಮೀಳಾ ಅರಚಿದಳು.

"ಬ್ಯಾಡ" ಎಂದ ನಾಗೇಶ. ಅಷ್ಟು ಹೊತ್ತಿಗೆ ಅವನು ಆಡಿದ ಮೊದಲ ಮಾತು ಅದು. "ಇಂದ್ಗಡ ಮರಿ ಅದ. ಇಂಜಿನ್ ಆಪ್ ಮಾಡು. ಅದೇ ಓಯ್ತದ."

ಅವನು ಒಂದೇ ಕಣ್ಣಲ್ಲಿ ಆನೆಯನ್ನೇ ನೋಡುತ್ತಿದ್ದ. ಸೆಲ್ವರಾಜ್ ಇಂಜಿನ್ ಆರಿಸಿದ. ಗಾಡಿಯ ಹಿಂಬದಿಯಲ್ಲಿ ಪುಟ್ಟಬಸಪ್ಪನಿಗೆ ಕಂಡದ್ದು ಗಾಜಿನಾಚೆ ನಾಗೇಶನ ಕತ್ತು ಮಾತ್ರ. ಕಾಲರಿನ ಕೆಳಗೆ ದಳವಾಯಿಯ ಜರಿ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಆನೆ ನಿಧಾನವಾಗಿ ತಿಂದಿತು. ಕೊನೆಗೆ ಮರಿಯನ್ನು ಮುಂದೆ ಬಿಟ್ಟುಕೊಂಡು ಲಂಟಾನದ ಪೊದೆಗಳೊಳಗೆ ಇಳಿದು ಹೋಯಿತು.

ಘಟ್ಟದ ನೆತ್ತಿಯ ದಿಂಬಂನ ಟೀ ಅಂಗಡಿಗಳು ಕಂಡಾಗ ಎಲ್ಲರಿಗೂ ಉಸಿರು ಬಂದಂತಾಯಿತು. ಇನ್ನು ಇಳಿಯುವುದಷ್ಟೇ. ಆದರೆ ಮೊದಲ ತಿರುವುಗಳನ್ನು ದಾಟುವಷ್ಟರಲ್ಲಿ ಮುಂದೆ ಗಾಡಿಗಳ ಸಾಲು. ಕೆಳಗಿನ ತಿರುವಿನಲ್ಲಿ ಲಾರಿಯೊಂದು ಅಚ್ಚು ಮುರಿದು ರಸ್ತೆಗೆ ಅಡ್ಡ ಕೂತಿತ್ತು. ಒಂದು ಬೈಕು ಕೂಡ ಕಷ್ಟಪಟ್ಟು ನುಸುಳುವಷ್ಟು ಸಂದು. ಕ್ರೇನ್ ಸತ್ಯಮಂಗಲದಿಂದ ಹೊರಟಿದೆ ಎಂದು ಒಬ್ಬ ಹೇಳಿದ, ಇನ್ನೂ ಹೊರಟಿಲ್ಲ ಎಂದು ಇನ್ನೊಬ್ಬ.

"ನಡ್ಕಂಡೋಗಣ" ಎಂದಳು ಮಹಾದೇವಿ. "ಲಾರಿ ಆಚ್ಗ ಮೇಲುಕ್ ಬರೋ ಗಾಡಿಗೋಳು ನಿಂತಿರ್ತವ. ಯಾರ್ನಾರ ಇಂದ್ಕ ತಿರುಗ್ಸಿ ಅಂತ ಕೇಳಣ."

ಸೆಲ್ವರಾಜ್ ಗಾಡಿ ಬಿಟ್ಟು ಬರುವಂತಿರಲಿಲ್ಲ, ಹಿಂದೆ ಆಗಲೇ ಬಸ್ಸು ಬಂದು ನಿಂತಿತ್ತು. ಪುಟ್ಟಬಸಪ್ಪ ಮುಂದೆ ಬಂದು ನಾಗೇಶನ ತೋಳಿಗೆ ಕೈ ಹಾಕಿದ.

"ನನ್ನ ಮುಟ್ಬ್ಯಾಡಿ."

ಪುಟ್ಟಬಸಪ್ಪ ಕೈ ತೆಗೆದ. ಪ್ರಮೀಳಾ ಗಂಡನನ್ನು ಹಿಡಿದು ನಡೆಸಿದಳು. ಇಳಿಜಾರು ಕಡಿದಾಗಿತ್ತು. ಒಂದೇ ಕಣ್ಣಿನಲ್ಲಿ ನೆಲ ಎಷ್ಟು ಕೆಳಗಿದೆಯೆಂದು ನಾಗೇಶನಿಗೆ ತಿಳಿಯುತ್ತಿರಲಿಲ್ಲ. ಲಾರಿಯ ಪಕ್ಕದ ಸಂದಿನಲ್ಲಿ, ಒಂದು ಕಡೆ ಕಬ್ಬಿಣದ ಬದಿ, ಇನ್ನೊಂದು ಕಡೆ ಗಿಡಗಂಟಿಗಳ ಪ್ರಪಾತ. ಅಲ್ಲಿ ಅವನ ಕಾಲು ಜಾರಿತು. ಪ್ರಮೀಳಾ ಚೀರಿದಳು. ಪುಟ್ಟಬಸಪ್ಪ ಹಿಂದಿನಿಂದ ಅವನ ನಡುವನ್ನು ಹಿಡಿದು ಲಾರಿಗೆ ಒತ್ತಿ ನಿಲ್ಲಿಸಿದ. ಈ ಸಲ ನಾಗೇಶ ತಾನೇ ಅವನ ಭುಜಕ್ಕೆ ಕೈ ಊರಿ ಸಂದು ದಾಟಿದ.

ಆಚೆ ನಿಂತ ಗಾಡಿಗಳ ಜನಕ್ಕೆ ಕಂಡದ್ದು ಬೇರೆಯೇ. ಮಿರುಗುವ ಅಂಗಿ, ಕಣ್ಣಿಗೆ ಕಟ್ಟಿದ ಕಾಗದದ ಲೋಟ, ಬಣ್ಣ ಬಳಿದ ರಾಣಿ, ಗಿರಿಜಾಮೀಸೆಯ ರಾಜ. "ಷೂಟಿಂಗಾ?" ಎಂದು ಯಾರೋ ಕೂಗಿದರು. ಫೋನುಗಳು ಮೇಲೆದ್ದವು. ಪುಟ್ಟಬಸಪ್ಪ ಒಂದು ಗಾಡಿಯಿಂದ ಇನ್ನೊಂದಕ್ಕೆ ಓಡಿದ. ಮೈಕಿಲ್ಲದೆ ಮೈದಾನದ ಕೊನೆಗೆ ಮುಟ್ಟುತ್ತಿದ್ದ ಅವನ ದನಿ ಆಗ ಗಾಡಿಗಳ ಕಿಟಕಿಯನ್ನೂ ದಾಟಲಿಲ್ಲ. ಒಬ್ಬ ಗಾಜು ಏರಿಸಿಕೊಂಡ. ಇನ್ನೊಬ್ಬ, ಕುಡಿದಿದ್ದೀಯಾ ಎಂದು ಕೇಳಿದ.

ಒಂದು ಬಿಳಿ ಕಾರಿನಲ್ಲಿ ನಡುವಯಸ್ಸಿನವನೊಬ್ಬ ತನ್ನ ಮುದಿ ತಾಯಿಯ ಜೊತೆ ಕೂತಿದ್ದ. ಪುಟ್ಟಬಸಪ್ಪ ಕಿಟಕಿಯ ಪಕ್ಕ ಮಂಡಿಯೂರಿದ. ಹೆಗಲ ಮೇಲಿನ ಪಾಳೆಯಗಾರನ ಶಲ್ಯವನ್ನು ಕಿತ್ತು ರಸ್ತೆಗೆ ಹಾಕಿದ. ತಮಿಳಿನಲ್ಲಿ, ಟೀ ಅಂಗಡಿಯಲ್ಲಿ ಮಾತಾಡುವ ಹಾಗೆ, ಹೇಳಿದ: ಇದು ನಾಟಕ ಅಲ್ಲ ಸಾರ್. ಆ ಹುಡುಗನ ಕಣ್ಣಿಗೆ ಚುಚ್ಚಿದವನು ನಾನೇ. ಅವನನ್ನು ಕರೆದುಕೊಂಡು ಹೋಗಿ. ನಾನು ಹತ್ತುವುದಿಲ್ಲ, ಹೆದರಬೇಡಿ.

ಆ ಮನುಷ್ಯ ತಾಯಿಯ ಮುಖ ನೋಡಿದ. ಮುದುಕಿ ಹಿಂದಿನ ಬಾಗಿಲ ಚಿಲಕ ತೆಗೆದಳು. ನಾಗೇಶ, ಪ್ರಮೀಳಾ, ಮಹಾದೇವಿ ಹತ್ತಿದರು. ಇಕ್ಕಟ್ಟಿನ ಆ ರಸ್ತೆಯಲ್ಲಿ ಕಾರು ಹಿಂದಕ್ಕೂ ಮುಂದಕ್ಕೂ ಆಡಿ ತಿರುಗಿಕೊಳ್ಳುವವರೆಗೆ ಪುಟ್ಟಬಸಪ್ಪ ಪ್ರಪಾತದ ಅಂಚಿನಲ್ಲಿ ನಿಂತು, ಇನ್ನೂ ಬರಬಹುದು, ಇನ್ನೂ ಬರಬಹುದು ಎಂದು ಕೈ ಆಡಿಸುತ್ತಿದ್ದ. ಕಾರು ಮರೆಯಾದ ಮೇಲೆ ಅವನು ನಡೆದೇ ಘಟ್ಟ ಇಳಿದ.

ಅಲ್ಲಿಂದ ಬಸ್ಸು ಹಿಡಿದು ಕೊಯಮತ್ತೂರಿನ ಆಸ್ಪತ್ರೆಗೆ ಅವನು ಬಂದು ಮುಟ್ಟಿದಾಗ ರಾತ್ರಿಯಾಗಿತ್ತು. ನಾಗೇಶನನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗಿದ್ದರು. ಬೆಂಚಿನ ಮೇಲೆ ಪ್ರಮೀಳಾ ಗೋಡೆಗೆ ತಲೆಯೊರಗಿಸಿ ಕೂತಿದ್ದಳು. ಲಾರಿ ಸರಿದ ಮೇಲೆ ಸೆಲ್ವರಾಜನೂ ಬಂದು ಸೇರಿದ್ದ. ಅವನು ಪುಟ್ಟಬಸಪ್ಪನನ್ನು ಪಕ್ಕಕ್ಕೆ ಎಳೆದ.

"ಮೇಷ್ಟ್ರೇ, ಪೊಲೀಸ್ನೋರು ಕೇಳುದ್ರು. ನಾಗೇಶ್ನೇ ಬೆತ್ತದ ಮ್ಯಾಲ ಬಿದ್ಬುಟ್ಟ ಅಂತ ಏಳಿವ್ನಿ. ನೀವೂ ಅಂಗೇ ಏಳಿ. ಎಲ್ರೂ ಒಂದೇ ಮಾತು ಏಳುದ್ರ ಮುಗ್ದೋಯ್ತು."

ಪುಟ್ಟಬಸಪ್ಪ ತಲೆಯಾಡಿಸಿದ. ಬೇಡ ಎನ್ನುವ ಶಕ್ತಿ ಅವನಲ್ಲಿರಲಿಲ್ಲ. ಜೈಲು ಎಂಬ ಮಾತು ಘಟ್ಟ ಇಳಿಯುವಾಗಲೆಲ್ಲ ಅವನ ಹಿಂದೆಯೇ ನಡೆದು ಬಂದಿತ್ತು.

ಮಹಾದೇವಿ ನಲ್ಲಿಯಲ್ಲಿ ಮುಖದ ಬಣ್ಣ ತೊಳೆದು ಬಂದು ಅವನ ಪಕ್ಕ ಕೂತಳು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೇಳಿದಳು: "ಒಂದ್ ಇಸ್ಯ ಮಧ್ಯಾನದಿಂದ ತಲೇಲಿ ಕೊರೀತಾ ಅದ ಮೇಷ್ಟ್ರೇ. ಕಾಲೇಜ್ಲಿ ಓದಿದ್ದು. ಐರ್ಲೆಂಡ್ ಅಂತ ಒಂದ್ ದೇಶ. ಮುನ್ನೂರು ವರ್ಸದ ಇಂದ್ಕ ಅಲ್ಲಿಂದ ಒಬ್ಬ ಲಂಡನ್‌ಗ ಬಂದ. ನಟ. ನಿಮ್ಮಂಗೇ ನಾಟಕಾನೂ ಬರೀತಿದ್ದ. ಕಿರುಚ್ಬ್ಯಾಡಿ, ಮಾತಾಡ್ದಂಗ ಮಾತಾಡಿ ಅಂತ ಅಂವ್ನೂ ಏಳ್ಕೊಡ್ತಿದ್ನಂತ. ಒಂದಿನ ಬಣ್ಣದ ಕೋಣೇಲಿ ವಿಗ್ಗಿಗೋಸ್ಕರ ಜಗಳ. ಕೈಲಿದ್ದ ಕೋಲ್ನ ಜೊತೆಯೋನ್ ಕಣ್ಗ ಚುಚ್ಬುಟ್ಟ."

ಪುಟ್ಟಬಸಪ್ಪ ಅವಳ ಕಡೆ ತಿರುಗಿದ. "ಚುಚ್ಚುಸ್ಕಂಡೋನು?"

"ಮಾರ್ನೇ ದಿನ ಸತ್ತೋದ."

"ಚುಚ್ದೋನು?"

"ಕೋರ್ಟ್ನಲ್ಲಿ ತಾನೇ ನಿಂತು ಮಾತಾಡ್ದ. ಬೇಕಂತ ಮಾಡ್ಲಿಲ್ಲ ಅಂದ. ಕೊಲೆ ಅನ್ಲಿಲ್ಲ, ಸಣ್ಣ ಶಿಕ್ಷೆ ಕೊಟ್ಟು ಬುಟ್ಬುಟ್ರು. ಆಮೇಲ ತುಂಬಾ ವರ್ಸ ಬದುಕ್ದ. ಅಣ್ಣಣ್ಣು ಮುದುಕ ಆಗೋಗಂಟ ಪಾರ್ಟ್ ಮಾಡ್ದ. ದೊಡ್ಡ ಎಸ್ರು."

"ಸತ್ತೋನ ಮನಯೋರು? ಅವ್ರ್ಗ ಏನಾಯ್ತು?"

ಮಹಾದೇವಿ ಯೋಚಿಸಿದಳು. "ಅದ್ನ ನಾ ಓದಿದ್ರಲ್ಲಿ ಬರ್ದಿರ್ಲಿಲ್ಲ."

ಬೆಂಚಿನ ಆ ತುದಿಯಲ್ಲಿ ಪ್ರಮೀಳಾ ಕಣ್ಣು ಬಿಟ್ಟಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಎದ್ದು ಬಂದು ಪುಟ್ಟಬಸಪ್ಪನ ಎದುರು ನಿಂತಳು.

"ಬೆತ್ತದ ಮ್ಯಾಲ ಬಿದ್ದ ಅಂತ ಬರುಸ್ತೀರಂತ. ನಾಳ ಊರೋರು ಏನಂತಾರ? ಕುಡ್ಕಂಡು ಬಿದ್ದ ಅಂತಾರ. ಕಾಡೋನು, ಅವ್ನ್ಗ ಏನ್ ಗೊತ್ತಾಯ್ತದ ಅಂತಾರ. ನನ್ ಗಂಡ ಬಿದ್ದಿಲ್ಲ ಮೇಷ್ಟ್ರೇ."

ಅವಳು ಇದುವರೆಗೆ ಅವನನ್ನು ಮಾವ ಎಂದೇ ಕರೆಯುತ್ತಿದ್ದವಳು.

ಪುಟ್ಟಬಸಪ್ಪ ಎದ್ದ. ತೋಳು ಹಿಡಿದ ಸೆಲ್ವರಾಜನಿಂದ ಬಿಡಿಸಿಕೊಂಡ. ಆಸ್ಪತ್ರೆಯ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತ ಪೊಲೀಸಿನವನ ಮುಂದೆ, ಬೆವರಿಗೆ ಅರ್ಧ ಇಳಿದಿದ್ದ ಮೀಸೆಯಲ್ಲೇ ನಿಂತು, ನಡೆದದ್ದನ್ನು ಹೇಳಿದ. ವಿಗ್ಗಿಗಾಗಿ ಜಗಳವೇ ಎಂದು ಪೊಲೀಸಿನವನು ನಂಬದೆ ಕೇಳಿದಾಗ, ವಿಗ್ಗಿಗಲ್ಲ, ಎಲ್ಲರೂ ನಕ್ಕದ್ದಕ್ಕೆ ಎಂದ.

ಎಡಗಣ್ಣು ಉಳಿಯಲಿಲ್ಲ. ಇನ್ನೊಂದಕ್ಕೆ ಅಪಾಯವಾಗಬಾರದೆಂದು ಡಾಕ್ಟರು ಅದನ್ನು ತೆಗೆದರು. ಪುಟ್ಟಬಸಪ್ಪ ಜೈಲಿಗೆ ಹೋದ, ಕೆಲವು ವಾರಗಳ ಮೇಲೆ ಜಾಮೀನಿನಲ್ಲಿ ಬಂದ. ಕೇಸು ನಡೆಯತೊಡಗಿತು. ಊರಿನಲ್ಲಿ ಎರಡು ಪಂಗಡವಾಯಿತು. ಮೇಷ್ಟ್ರು ಬಾಯಿ ಮುಚ್ಚಿಕೊಂಡಿದ್ದರೆ ಏನು ನಷ್ಟವಿತ್ತು ಎಂದರು ಕೆಲವರು. ಕೈ ಕತ್ತರಿಸಬೇಕಿತ್ತು ಎಂದರು ಕೆಲವರು. ತಂಡ ಚದುರಿತು.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಪುಟ್ಟಬಸಪ್ಪ ನಾಗೇಶನ ಹಾಡಿಗೆ ಹೋದ. ಅಂಗಳದ ಅಂಚಿನಲ್ಲೇ ಪ್ರಮೀಳಾ ತಡೆದಳು. ಅವನು ಅಲ್ಲೇ ನಿಂತ. ಒಳಗಿನಿಂದ ನಾಗೇಶ ಬಂದು ಹೊಸ್ತಿಲ ಮೇಲೆ ಕೂತ. ಗುಳಿಬಿದ್ದ ಎಡಗಣ್ಣಿನ ಜಾಗವನ್ನು ಮುಚ್ಚಿಕೊಂಡಿರಲಿಲ್ಲ.

"ಏನ್ ಮಾಡುದ್ರೂ ಅದು ಬರಕಿಲ್ಲ, ನನಗ ಗೊತ್ತದ" ಎಂದ ಪುಟ್ಟಬಸಪ್ಪ. "ನೀ ಏನ್ ಏಳುದ್ರೂ ಮಾಡ್ತೀನಿ."

"ಬೆಂಕಿ ಪಟ್ಟಿ ಕೆಲ್ಸುಕ್ಕ ಈಗ ಕರಿಯಕಿಲ್ಲ. ಮಚ್ಚು ಎಲ್ಲಿ ಬೀಳ್ತದೋ ಅಂತ ಅವ್ರ್ಗ ದಿಗ್ಲು" ಎಂದ ನಾಗೇಶ. "ನನಗ ಪಾಳೆಯಗಾರನ ಪಾರ್ಟ್ ಬೇಕು."

ಪುಟ್ಟಬಸಪ್ಪನಿಗೆ ಅರ್ಥವಾಗಲಿಲ್ಲ.

"ಆ ಪಾರ್ಟ್ ನನಗ ಕೊಡಿ. ಕಲುಸ್ಕೊಡಿ. ನೀವು ಇನ್ಮುಂದ ರಂಗದ್ ಮ್ಯಾಲ ಕಾಲಿಡ್ಬ್ಯಾಡಿ. ಯಾವ ನಾಟಕ್ದಲ್ಲೂ, ಯಾವ ಪಾರ್ಟ್ಗೂ. ಬರೀರಿ, ಕಲುಸಿ, ಪರದೆ ಇಂದ್ಗಡ ನಿಂತ್ಕಂಡು ಮಾತು ಎತ್ಕೊಡಿ. ಆಚ್ಗ ಬರ್ಬ್ಯಾಡಿ."

"ನೀ ಏನ್ ಕೇಳ್ತಿದ್ದಿ?" ಎಂದ ಪ್ರಮೀಳಾಳ ದನಿಯಲ್ಲಿ ಅಳುವಿತ್ತು. "ಆ ನಾಟಕದ್ ಸವಾಸ್ವೇ ಬ್ಯಾಡ ಅಂದ್ರ..."

"ನನಗ ಅದು ಬುಟ್ರ ಬೇರೆ ಏನದಮ್ಮಿ?" ಎಂದ ನಾಗೇಶ.

ಪುಟ್ಟಬಸಪ್ಪ ತೇವದ ಅಂಗಳದಲ್ಲಿ ಕುಕ್ಕರಿಸಿದ. ಜೈಲಿನಲ್ಲಿ ಒಂದು ದಿನವೂ ಅಳದವನು ಅಲ್ಲಿ ಅತ್ತ. ಆಮೇಲೆ ಆಗಲಿ ಎಂದ.

ಚದುರಿದವರಲ್ಲಿ ಕೆಲವರು ಮತ್ತೆ ಸೇರಿದರು, ದಳವಾಯಿಯ ಪಾತ್ರ ಇನ್ನೊಬ್ಬ ಹುಡುಗನಿಗೆ ಹೋಯಿತು. ತಾಲೀಮು ಸುಲಭವಾಗಿರಲಿಲ್ಲ. ನಾಗೇಶನಿಗೆ ದೂರ ಹತ್ತಿರದ ಅಂದಾಜು ತಪ್ಪುತ್ತಿತ್ತು. ಎಡಗಡೆ ಯಾರು ಬಂದರೂ ಬೆಚ್ಚುತ್ತಿದ್ದ. ಪುಟ್ಟಬಸಪ್ಪ ಚೆಂಬು ಎಸೆಯುವುದು ಹೋಗಲಿ, ದನಿ ಕೂಡ ಏರಿಸಲಿಲ್ಲ. ಎಡಕ್ಕೆ ಇಡುವ ಹೆಜ್ಜೆಗಳನ್ನೆಲ್ಲ ನಾಟಕದಿಂದ ತೆಗೆದುಹಾಕಿದ. ಕಲಿಸುವಷ್ಟು ಹೊತ್ತು ಮಾತ್ರ ಇಬ್ಬರ ನಡುವೆ ಮಾತು.

ತಾಳವಾಡಿಯಲ್ಲಿ ಮತ್ತೆ ನಾಟಕ ಕಟ್ಟಿದಾಗ ಮೈದಾನ ತುಂಬಿತ್ತು. ನಾಟಕಕ್ಕಿಂತ ಕಣ್ಣು ಕಳೆದುಕೊಂಡವನನ್ನು ನೋಡಲು ಬಂದವರೇ ಹೆಚ್ಚು. ರಂಗ ಆಳೆತ್ತರದ್ದು, ಎಡಗಡೆ ಅಂಚಿಗೆ ಕಟಕಟೆ ಇರಲಿಲ್ಲ, ಕೆಳಗೆ ಜನರೇಟರಿನ ಕಬ್ಬಿಣ. ಪುಟ್ಟಬಸಪ್ಪ ಆ ಬದಿಯ ಪರದೆಯ ಹಿಂದೆಯೇ ನಿಂತ.

ಪಾಳೆಯಗಾರ ರಂಗಕ್ಕೆ ಬಂದ. ಸಣ್ಣ ದನಿಯಲ್ಲಿ ರೈತನ ಕುಶಲ ಕೇಳಿದ. ಗುಸುಗುಸು ನಿಂತಿತು. ಒಬ್ಬನೂ ಬೀಡಿ ಸೇದಲು ಏಳಲಿಲ್ಲ. ಪುಟ್ಟಬಸಪ್ಪನ ಎದೆಯಲ್ಲಿ ಸಂತೋಷವೂ ಉರಿಯೂ ಒಟ್ಟಿಗೇ ಎದ್ದವು. ಆ ಮಾತುಗಳನ್ನು ತಾನು ಎಂದೂ ಅಷ್ಟು ಚೆನ್ನಾಗಿ ಆಡಿರಲಿಲ್ಲ ಎಂದು ಅವನಿಗೆ ಗೊತ್ತಾಯಿತು.

ದಳವಾಯಿ ತಿರುಗಿಬೀಳುವ ದೃಶ್ಯದಲ್ಲಿ ನಾಗೇಶ ಪಾತ್ರದೊಳಗೆ ಮುಳುಗಿಹೋದ. ತಾಲೀಮಿನಲ್ಲಿ ಇಲ್ಲದ ಹೆಜ್ಜೆ ಇಟ್ಟ, ಎಡಕ್ಕೆ. ಇನ್ನೊಂದು ಹೆಜ್ಜೆ ಇಟ್ಟ. ಜನರ ಕಡೆಗೇ ಮುಖ, ಕಾಣದ ಕಡೆಗೆ ಕಾಲು. ಇನ್ನು ಒಂದು ಹೆಜ್ಜೆ ಹೋದರೆ ಅಂಚು. ಪುಟ್ಟಬಸಪ್ಪ ಪಿಸುಗುಟ್ಟಿದ, ಜನರೇಟರಿನ ಸದ್ದಿನಲ್ಲಿ ಕೇಳಲಿಲ್ಲ. ಕೈ ಚಾಚಿದರೆ ಸಿಗುತ್ತಿದ್ದ, ಆದರೆ ಪರದೆಯಿಂದ ಆಚೆಗೆ ಬರಬೇಕು. ಹೆಸರು ಹಿಡಿದು ಕೂಗಿದರೆ, ಕುರುಡ ಬೀಳುತ್ತಿದ್ದ ಎಂದು ಮೈದಾನವೆಲ್ಲ ನಗುತ್ತದೆ. ನಾಗೇಶ ಕಾಲೆತ್ತಿದ.

"ಪ್ರಭೂ!" ಎಂದು ಪರದೆಯ ಹಿಂದಿನಿಂದ ಪುಟ್ಟಬಸಪ್ಪ ಕೂಗಿದ, ಕೋಟೆಯ ಕಾವಲುಗಾರನ ದನಿಯಲ್ಲಿ. "ಎಡಗಡೆ ಕಂದಕ! ಸೇತುವೆ ಎತ್ತಿಯಾಗಿದೆ!"

ಅಂಥ ಮಾತು ನಾಟಕದಲ್ಲಿ ಇರಲಿಲ್ಲ. ನಾಗೇಶನ ಕಾಲು ಗಾಳಿಯಲ್ಲೇ ನಿಂತಿತು. ನಿಧಾನವಾಗಿ ಅದನ್ನು ಹಿಂದಕ್ಕೆ ಇಟ್ಟ. ಕತ್ತು ಪೂರ್ತಿ ತಿರುಗಿಸಿ ಅಂಚನ್ನು ನೋಡಿದ. ಆಮೇಲೆ ಜನರ ಕಡೆ ನೋಡಿ, ಮೆಲ್ಲಗೆ, "ನನ್ನ ಕೋಟೆಯ ಕಂದಕ ನನಗೆ ತಿಳಿಯದೇ?" ಎಂದ. ಮುಂದಿನ ಸಾಲಿನ ಮಕ್ಕಳು ತಾಯಂದಿರ ಸೆರಗು ಹಿಡಿದವು.

ನಾಟಕ ಮುಗಿದ ಮೇಲೆ ಬಣ್ಣ ಒರೆಸಿಕೊಳ್ಳುತ್ತ ನಾಗೇಶ, ಅವನ ಮುಖ ನೋಡದೆ ಹೇಳಿದ: "ಆ ಮಾತ್ನ ಸೇರುಸ್ಬುಡಿ ಮೇಷ್ಟ್ರೇ. ಆದ್ರ ಒಳಗಿಂದ್ಲೇಯ."

"ಒಳಗಿಂದ್ಲೇ ಕಣಪ್ಪ" ಎಂದ ಪುಟ್ಟಬಸಪ್ಪ.

ಕೇಸು ಇನ್ನೂ ನಡೆಯುತ್ತಿದೆ. ನಾಗೇಶ ಕೋರ್ಟಿನಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದ, ಒಂದು ಮಾತನ್ನೂ ಮೆದು ಮಾಡಲಿಲ್ಲ. ಪುಟ್ಟಬಸಪ್ಪನೂ ಅಲ್ಲಗಳೆಯಲಿಲ್ಲ. ವಾಯಿದೆಯ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಘಟ್ಟ ಇಳಿಯುತ್ತಾರೆ, ಬೇರೆ ಬೇರೆ ಸೀಟಿನಲ್ಲಿ ಕೂತು.